ಗುರುವಾರದ ಕೋಣೆ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ಸುದರ್ಶನರಾಯರೇ, ಈಗಷ್ಟೇ ಶಾಲು ಹೊದಿಸಿಕೊಂಡು ಸಂಕೋಚದಿಂದ ಕುಳಿತಿರುವ ಫಿಜಿಯೋಥೆರಪಿಸ್ಟ್ ನಿಶಾ ಅವರೇ, ಡೊಂಬಿವಲಿಯ ಕನ್ನಡ ಸಭಿಕರೇ, ಕುರ್ಚಿ ಸಿಗದೆ ಹಿಂದೆ ನಿಂತಿರುವ ನಮ್ಮ ವಿಜಾಪುರದ ಜನರೇ,

ನಾನು ಮಾಪಣ್ಣ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು. ಕಟ್ಟಡ ಕೆಲಸಕ್ಕೆ ಆಳು ಒದಗಿಸುವ ಮುಕಾದಮ. ನಿಶಾ ಸೊಂಟನೋವಿಗೆ ವ್ಯಾಯಾಮ ಹೇಳಿಕೊಡುತ್ತಾರೆ ಎಂದಷ್ಟೇ ಹೇಳಿ ಇಳಿಯಬೇಕೆಂದು ಕಮಿಟಿಯವರು ಸೂಚನೆ ಕೊಟ್ಟಿದ್ದಾರೆ. ಮಿಕ್ಕದ್ದು ಸಭೆಯಲ್ಲಿ ಆಡುವ ಮಾತಲ್ಲವಂತೆ. ಯಾಕೆ ಅಲ್ಲ? ಇಲ್ಲಿ ಕುಳಿತವರೆಲ್ಲ ಹೆಂಗಸಿನ ಹೊಟ್ಟೆಯಿಂದ ಬಂದವರಲ್ಲವೇ, ಕಲ್ಯಾಣ ಲೋಕಲ್ ರೈಲಿನಿಂದ ನೇರ ಇಳಿದವರೇ?

ಸೈಟಿನಲ್ಲಿ ಇಟ್ಟಿಗೆ ಹೊರುತ್ತಿದ್ದ ನನ್ನ ಹೆಂಡತಿ ಚಂದ್ರಬಾಯಿಗೆ ಎರಡು ವರ್ಷದ ಹಿಂದೆ, ತೊಂಬತ್ತಾರರಲ್ಲಿ, ಗರ್ಭಚೀಲ ತೆಗೆದರು. ಹೊಲಿಗೆ ಮಾಯಿತು. ನೋವು ಮಾಯಲಿಲ್ಲ. ಕುಳಿತರೆ ಕೆಳಗೆ ಕೆಂಡ ಇಟ್ಟಂತೆ. ಮೂತ್ರಕ್ಕೆ ಹೋದರೆ ಅರ್ಧ ಗಂಟೆ. ರೊಟ್ಟಿಯನ್ನೂ ನಿಂತೇ ಬಡಿಯುತ್ತಿದ್ದಳು. ನಮ್ಮ ಚಾಳಿನ ಹೆಂಗಸರು ಬಾಣಂತಿಗೆ ಕಟ್ಟುವ ಹಾಗೆ ಹೊಟ್ಟೆಗೆ ಹಳೆಯ ಸೀರೆ ಬಿಗಿದು, ಒಳಗಿನದು ಜಾರದಂತೆ ಹಿಡಿದುಕೊಂಡಿರು ಎಂದರು. ಹಿಡಿದಳು. ಹದಿನಾಲ್ಕು ತಿಂಗಳು ಹಿಡಿದಳು. ಮೂವರು ಡಾಕ್ಟರು ಆಪರೇಶನ್ ಸರಿಯಾಗಿದೆ, ಇದು ಮನಸ್ಸಿನ ರೋಗ ಎಂದರು. ನಾನೂ ಅದನ್ನೇ ಅಂದೆ. ನಾಟಕ ಸಾಕು ಎಂದು ತಟ್ಟೆ ಎಸೆದಿದ್ದೂ ಉಂಟು. ಅದಿರಲಿ.

ನಮ್ಮ ಈ ಕನ್ನಡ ಸಂಘದ ವಾಚನಾಲಯದ ಹಿಂದಿನ ಕೋಣೆಯಲ್ಲಿ ಪ್ರತಿ ಗುರುವಾರ ನಿಶಾ ಇಂಥವರನ್ನು ನೋಡುತ್ತಾಳೆಂದು ತಿಳಿದು ಕರೆತಂದೆ. ಎಲ್ಲಿ ನೋಯುತ್ತದೆ ಎಂದು ಆಕೆ ಮೊದಲು ಕೇಳಲಿಲ್ಲ.

"ಮಾವ್ಶೀ, ಸೈಟಿನಲ್ಲಿ ದಿನಕ್ಕೆ ಎಷ್ಟು ಸಲ ಬಾಥ್‌ರೂಮಿಗೆ ಹೋಗ್ತಾ ಇದ್ರಿ?"

"ಹೊತ್ತು ಮೂಡೂಕಿಂತ ಮೊದಲ ಒಮ್ಮೆ, ಕತ್ತಲಾದ ಮ್ಯಾಲ ಒಮ್ಮೆ."

"ನಡುವೆ?"

"ನಡುವ ಎದ್ರ ಮುಕಾದಮ ಬೈತಾನ್ರೀ."

ಆ ಮುಕಾದಮ ಯಾರು ಎಂದು ನಿಶಾ ಕೇಳಿದಳು. ಚಂದ್ರಬಾಯಿ ಸೆರಗು ಸರಿಮಾಡಿಕೊಂಡಳು. ಅವನು ನಾನೇ ಎಂದು ನಾನೇ ಹೇಳಬೇಕಾಯಿತು.

ಕಾಮೋಠೆಯಲ್ಲಿ ಒಂದೊಂದು ಫ್ಲ್ಯಾಟಿಗೆ ಎರಡೆರಡು ಸಂಡಾಸು ಕಟ್ಟಿದೆವು ಸಭಿಕರೇ. ಅದಕ್ಕೆ ಇಟ್ಟಿಗೆ ಹೊತ್ತವಳಿಗೆ ಒಂದು ತಗಡಿನ ಮರೆ ಇರಲಿಲ್ಲ. ಇಪ್ಪತ್ತು ವರ್ಷ ಬಿಗಿಹಿಡಿದ ಮಾಂಸ ಅದು. ಆಪರೇಶನ್ ಆದ ಮೇಲೆ ಹೆದರಿ ಇನ್ನಷ್ಟು ಬಿಗಿದುಕೊಂಡಿತು, ಬಿಡುವುದನ್ನೇ ಮರೆಯಿತು. ನಿಶಾ ಮೊದಲು ಹೊಟ್ಟೆಯ ಕಟ್ಟು ಬಿಚ್ಚಿಸಿದಳು. ಅಂಗಾತ ಮಲಗಿಸಿ, ಹೊಟ್ಟೆ ತುಂಬ ಉಸಿರೆಳೆದು ಕೆಳಗಿನ ಬಿಗಿಯನ್ನು ಸಡಿಲಿಸುವುದನ್ನು ಕಲಿಸಿದಳು. ಒಳಗಿನ ಗಂಟುಗಳನ್ನು ಕೈಯಿಂದ ಒತ್ತಿ ಬಿಡಿಸಿದಳು, ಪ್ರತಿ ಸಲವೂ ಕೇಳಿ, ಇವಳು ಹೂಂ ಅಂದ ಮೇಲೆ. ಐದು ತಿಂಗಳು ಹಿಡಿಯಿತು. ನೋವು ಪೂರ್ತಿ ಹೋಗಿಲ್ಲ. ಆದರೆ ಹೋದ ತಿಂಗಳು ವಿಠ್ಠಲವಾಡಿಯಲ್ಲಿ ತಂಗಿಯ ಮನೆಯ ಪಂಕ್ತಿಯಲ್ಲಿ ಎಲ್ಲರೊಂದಿಗೆ ನೆಲದ ಮೇಲೆ ಕುಳಿತು ಉಂಡಳು. ಈಗ ನನ್ನ ಸೈಟಿನಲ್ಲಿ ಪಾಯ ತೋಡುವ ಮೊದಲು ಹೆಂಗಸರ ಸಂಡಾಸು ಎದ್ದು ನಿಲ್ಲುತ್ತದೆ. ಬಿಲ್ಡರು ಗೊಣಗುತ್ತಾನೆ, ಗೊಣಗಲಿ.

ಇಷ್ಟಾದ ಮೇಲೆ ನಮ್ಮ ಕಮಿಟಿ ಏನು ಮಾಡಿತು? ಹೋದ ವಾರ ನಿಶಾಗೆ ಪತ್ರ ಕೊಟ್ಟಿತು: ಬರುವ ಗುರುವಾರದಿಂದ ಕೋಣೆ ಇಲ್ಲ. ಕಾರಣ ಕೇಳಿದ್ದಕ್ಕೆ ಅಧ್ಯಕ್ಷರು, "ಫ್ಯಾಮಿಲಿಯವರು ಪುಸ್ತಕ ತಗೊಳ್ಳಲಿಕ್ಕೆ ಬರ್ತಾರೆ ಮಾರಾಯ್ರೆ, ಹೊರಗೆ ಇಂಥ ಕಾಯಿಲೆಯವರು ನಿಂತಿದ್ರೆ ಚಂದ ಕಾಣುದಿಲ್ಲ" ಅಂದರು. ಶಾಲು ಹೊದಿಸಿ ಬೀಗ ಹಾಕುವುದು ಯಾವ ಸೀಮೆಯ ಸನ್ಮಾನ? ಇಪ್ಪತ್ತು ವರ್ಷ ನಾನು ಹೇಳಿದ್ದೂ ಇದೇ ಅಲ್ಲವೇ, ತಡೆದುಕೋ, ಯಾರಿಗೂ ಕಾಣಿಸಬೇಡ ಎಂದು?

ಕೇಳಿರಿ. ಗುರುವಾರ ನನ್ನ ಗ್ಯಾಂಗಿನ ಹನ್ನೊಂದು ಹೆಂಗಸರಿಗೆ ಕೂಲಿ ಮುರಿಯದೆ ಹಾಜರಿ ಹಾಕಿ ಇಲ್ಲಿಗೇ ಕಳಿಸುತ್ತೇನೆ. ಬೀಗವಿದ್ದರೆ ಕೂರಬಲ್ಲವರು ಮೆಟ್ಟಿಲ ಮೇಲೆ ಕೂರುತ್ತಾರೆ, ಕೂರಲಾರದವರು ನಿಂತಿರುತ್ತಾರೆ. ಪುಸ್ತಕಕ್ಕೆ ಬಂದವರು ಕೇಳಿದರೆ, ಯಾವ ನೋವು, ಯಾರಿಂದ ಬಂತು ಎಂದು ಬಾಯಿಬಿಟ್ಟು ಹೇಳುತ್ತಾರೆ. ನನ್ನ ಹೆಸರನ್ನೂ ಹೇಳುತ್ತಾರೆ. ಚಂದ್ರಬಾಯಿ ನನ್ನನ್ನು ಈ ವೇದಿಕೆಗೆ ಕಳಿಸಿದ್ದೇ ಆ ಕರಾರಿನ ಮೇಲೆ: "ನನ್ನ ಬ್ಯಾನಿ ಮಂದಿಯೊಳಗ ಹೇಳ್ತಿ ಅಂದ್ರ, ನಿನ್ನ ಹೆಸರು ಬಿಡಬ್ಯಾಡ."

ಬಿಟ್ಟಿಲ್ಲ. ಕಿವಿಗೊಟ್ಟವರಿಗೆ ಉಪಕಾರ, ನಡುವೆಯೇ ಎದ್ದು ಹೋದ ಕಮಿಟಿಯವರಿಗೂ ಉಪಕಾರ. ನಮಸ್ಕಾರ.