ನಾನು ಸಮುದ್ರ ದಾಟಿಲ್ಲ ಕಣ್ಲಾ

ಅಲ್ಲ ಕಣ್ರಲಾ, ಟೀವಿಲಿ ಗಂಟುಮೂಟೆ ಹೊತ್ಕಂಡು ಓಡೋ ಜನುನ್ನ ನೋಡಿ ‘ಇವ್ರೆಲ್ಲ ನಮ್ ದೇಶಕ್ಕೆ ಯಾಕ್ ಬತ್ತಾರೆ’ ಅಂತ ಬೋಂಡ ಮುಕ್ಕಂಡು ಕುಂತಿದ್ದೀರಲ್ಲ, ನಾನೂ ಹಂಗೇ ಬಂದೋಳು, ಗೊತ್ತಾ? ನಾ ಹುಟ್ಟಿದ್ದು ಈ ಕಲ್ಯ ಊರಲ್ಲಲ್ಲ, ರಂಗೂನಲ್ಲಿ. ನಮ್ಮಪ್ಪ ಅಲ್ಲಿ ಮರದ ಮಿಲ್ಲು, ಅಲ್ಲಲ್ಲ, ಅಕ್ಕಿ ಮಿಲ್ಲಲ್ಲಿದ್ದ. ಮದ್ವೆ ಆದ್ಮ್ಯಾಕೆ ಅವ್ವನ್ನೂ ಹಡಗು ಹತ್ತಿಸ್ಕಂಡು ಹೋಗಿದ್ದ. ಜಪಾನಿನೋರು ಬಾಂಬ್ ಹಾಕುದ್ರು ನೋಡು, ಹಡಗೆಲ್ಲ ಬಿಳಿ ದೊರೆಗಳಿಗೇ ಆಯ್ತು, ನಮ್ಗೆ ಬೆಟ್ಟ ತೋರ್ಸಿ ‘ನಡೀರಿ’ ಅಂದ್ರು. ನಡುದ್ವು. ಅಪ್ಪ ಬೆಟ್ಟದಲ್ಲಿ ವಾಂತಿಬೇದಿ ಬಂದು ಹೋಗ್ಬುಟ್ಟ. ಅಲ್ಲೇ ಬುಟ್ಟು ಬಂದ್ವು.

ಹೆಂಗೋ ಮಾಗಡಿ ಸೇರಿ ಇಲ್ಲಿಗೆ, ಅಪ್ಪನ ಮನೆಗೆ ಬಂದ್ವು. ನಿಮ್ಗೆ ರಂಗೂನು ಪರದೇಶ, ನಂಗಾಗ ಈ ಊರೇ ಪರದೇಶ. ಈ ಜಗಲಿ ಮೇಲೇ ನಮ್ಮಜ್ಜನ ಅಣ್ಣ ಕುಂತಿದ್ದ. ಕಟ್ಟೆಮನೆ ಯಜಮಾನ, ಕುಲದೋರ್ಗೆಲ್ಲ ನ್ಯಾಯ ಹೇಳೋನು. ಮೀಸೆ ತಿರುವ್ಕಂಡು, "ಅಲ್ಲೇ ನಿಂತ್ಕಳವ್ವ. ಸಮುದ್ರ ದಾಟಿದೋರು ಕುಲಕ್ಕೆ ಹೊರಗೆ. ಎಕ್ಕದ ಕಡ್ಡೀಲಿ ನಾಲ್ಗೆ ಸುಡುಸ್ಕಂಡು ಸುದ್ದ ಆಗಿ, ಕುಲದೋರ್ಗೆ ಒಂದು ಬಾಡೂಟ ಹಾಕ್ಸಿ ಒಳಿಕ್ಕೆ ಬಾ" ಅಂದ. ನಾಲ್ಗೆಗಿಂತ ಬಾಡಿನ ಮೇಲೇ ಅವನ ಗ್ಯಾನ. ಉಟ್ಟಿದ್ದ ಬಟ್ಟೆ ಬುಟ್ರೆ ನಮ್ತಾವ ಏನೂ ಇರ್ನಿಲ್ಲ. ಬಾಗ್ಲು ಮುಚ್ಚಿದ್ರೆ ಬೀದೀನೇ ಗತಿ. ಅವ್ವ ಏನಂದ್ಲು ಗೊತ್ತಾ? "ನಾನು ದಾಟಿದ್ದು ನಿಜ ದೊಡ್ಮಾವ. ಆದ್ರೆ ಈ ಹೆಣ್ಮಗ ಅಲ್ಲೇ ಹುಟ್ಟಿ ನಡ್ಕಂಡೇ ಬಂದೈತೆ. ಇದು ಯಾವ ಸಮುದ್ರ ದಾಟೈತೆ ಹೇಳಿ." ಇಂಥ ಕೇಸು ಯಜಮಾನನ ಅಪ್ಪನ ಕಾಲದಲ್ಲೂ ಬಂದಿರ್ನಿಲ್ಲ. ಕೆಮ್ಮಿದ, ಒಸಿ ಎಲೆಅಡ್ಕೆ ಹಾಕ್ಕಂಡ. "ಸರಿ, ಮಗ ಒಳಿಕ್ ಬರ್ಲಿ. ನೀನು ಬ್ಯಾರೆ ದಾರಿ ನೋಡ್ಕ" ಅಂದ. ನಾನು ಅವ್ವನ ಸೆರಗ ಬುಡ್ನೇ ಇಲ್ಲ. ಅಪ್ಪನ್ನ ಬುಟ್ಟಾಗಿತ್ತು, ಅವ್ವನ್ನೂ ಬುಡ್ಬೇಕಾ?

ಆಗ ನಮ್ಮಜ್ಜಿ, ಅಪ್ಪನ್ನ ಹೆತ್ತೋಳು, ಎದ್ ಬಂದ್ಲು. ಅಲ್ಲೀಗಂಟ ಬಾಗ್ಲ ಹಿಂದೆ ಅಳ್ತಾ ನಿಂತಿದ್ಲು, ಬಾವನ ಮುಂದೆ ತಲೆ ಎತ್ತಿದೋಳೇ ಅಲ್ಲ. ಒಳಗೆ ಗೂಟಕ್ಕೆ ನೇತಾಕಿದ್ದ ಛತ್ರಿ ತಗುದು ಅಂಗಳಕ್ಕೆ ಎಸುದ್ಬುಟ್ಲು. ಯಜಮಾನನ ಛತ್ರಿ ಅದು. ನಮ್ಮಪ್ಪನೇ ರಂಗೂನಿಂದ ಕಳ್ಸಿದ್ದು, ಅದ ಹಿಡ್ಕಂಡೇ ಅವನು ಊರೂರು ನ್ಯಾಯಕ್ಕೋಗ್ತಿದ್ದ. "ಇದೂ ಹಡಗಲ್ಲೇ ಬಂತಲ್ಲ ಬಾವ. ಮೊದ್ಲು ಇದ್ಕೆ ನಾಲ್ಗೆ ಸುಡಿ, ಆಮ್ಯಾಕೆ ನನ್ ಸೊಸೆಗೆ" ಅಂದು ನಮ್ಮಿಬ್ಬರ ಕೈ ಹಿಡ್ದು ಒಳಿಕ್ಕೆ ಎಳ್ಕಂಡೋದ್ಲು. ಯಜಮಾನ ಏನ್ ಮಾಡ್ದ ಅಂತೀಯ? ಬಿಸ್ಲು ಜೋರಾಗಿತ್ತಲ್ಲ, ಛತ್ರಿ ಎತ್ಕಂಡು, ಧೂಳು ಒದ್ರಿ, ಬಿಚ್ಕಂಡು ಹೊರಟೋದ. ಅದ್ಕೇ ಕಣ್ರಲಾ, ಬಾಗ್ಲಿಗೆ ಬಂದೋರ್ಗೆ ಮೊದ್ಲು ಮುದ್ದೆ ಇಕ್ಕಿ. ಕುಲ ಕೇಳೋ ಚಪಲ ಇದ್ರೆ ಅವ್ರು ಉಂಡು ಕೈ ತೊಳ್ದ್ ಮ್ಯಾಕೆ ಕೇಳ್ಕಳಿ.