ಚಕ್ರದ ಮುಂದಿನ ಕಲ್ಲು

ಶಿವಮೊಗ್ಗದ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಭದ್ರಾವತಿಯ ಬಸ್ ನಿಲ್ದಾಣದ ಮರದಡಿ ಕೂತಿದ್ದ ಪುಟ್ಟಯ್ಯ ಕಣ್ಣು ಮುಚ್ಚಿದ್ದ, ಕಿವಿ ಮುಚ್ಚಿರಲಿಲ್ಲ. ಪಕ್ಕದಲ್ಲಿ ಗಂಡಹೆಂಡಿರ ಮಾತು ನಡೆದಿತ್ತು.

"ಆ ಹಳೇ ಕೆಂಪು ಲಾರೀನೇ ತಗೊಳ್ಳೋಣ ಕಣೆ. ಇದ್ದಿಲು ಹೊಡೆಯೋಕೆ ಗಟ್ಟಿ ಗಾಡಿ," ಎಂದ ಗಂಡ.

"ಮೂರು ಸಲ ನೋಡೋಕೆ ಹೋದ್ವಿ. ಮೂರು ಸಲಾನೂ ಅದು ಇಳಿಜಾರಿಗೆ ಮುಖ ಮಾಡ್ಕೊಂಡೇ ನಿಂತಿತ್ತಲ್ಲ?"

"ಅಲ್ಲಿ ನೆರಳಿದೆ, ಮಾರಾಯ್ತಿ."

"ಚಕ್ರದ ಮುಂದೆ ಕಲ್ಲೂ ಇತ್ತು. ಹ್ಯಾಂಡಲ್ ತಿರುವಿದ್ರೆ ಏಳೋ ಲಾರಿಗೆ ಇಳಿಜಾರು ಯಾಕ್ರೀ? ಕಲ್ಲು ತೆಗೆದು, ಉರುಳಿಸಿ ಇಂಜಿನ್ ಎಬ್ಬಿಸ್ತಾರೆ, ಅಷ್ಟೇ."

"ಹಾಗಾದ್ರೆ ನೀಲಿಯದು?"

"ಕೋಳಿ ಕೂಗೋ ಹೊತ್ತಿಗೆ ಹೋದ್ರೂ ಅದರ ಬಾನೆಟ್ಟು ಬೆಚ್ಚಗಿತ್ತು. ತಣ್ಣಗಿದ್ರೆ ಏಳಲ್ಲ ಅಂತ ನಾವು ಬರೋ ಮೊದಲೇ ಇಂಜಿನ್ ಎಬ್ಬಿಸಿ ಇಟ್ಟಿದ್ರು. ನಾವು ಬರೋದು ಅವರಿಗೆ ಹೆಂಗೆ ಗೊತ್ತಾಯ್ತು?"

ಗಂಡ ಟೋಪಿ ಸರಿಮಾಡಿಕೊಂಡ.

"ರೀ, ನಿಮ್ಮನ್ನೇ ಕೇಳಿದ್ದು."

"ಹೇಳದೆ ಹೋಗೋದು ಮರ್ಯಾದೆ ಅಲ್ಲ ಅಂತ ಕಾಗದ ಹಾಕಿದ್ದೆ."

"ಇವತ್ತು ಬರ್ತೀವಿ ಅಂತಾನೂ ಹಾಕಿದ್ದೀರಾ?"

"ಎರಡೂ ಲಾರಿಯವರಿಗೂ."

"ಏಳಿ ಮನೆಗೆ! ಎರಡು ಜೊತೆ ಎತ್ತು ಕೊಟ್ಟು ತಗೊಳ್ಳೋ ಗಾಡಿ ಇದು. ನಾಳೆ ಹೇಳದೆ ಹೋಗೋಣ."

ಇಬ್ಬರೂ ಗಂಟು ಎತ್ತಿಕೊಂಡು ಹೊರಟುಹೋದರು.

ಪುಟ್ಟಯ್ಯ ಬಸ್ಸು ಹತ್ತಲು ಕಾಲೆತ್ತಿದವನು ಹಾಗೇ ನಿಂತ. ಐದು ವರ್ಷದಿಂದ ಇದೇ ಬಸ್ಸಿನಲ್ಲಿ ಓಡಾಡುತ್ತಿದ್ದರೂ, ಅದು ಇಳಿಜಾರಿಗೆ ಮುಖ ಮಾಡಿ ನಿಲ್ಲುವುದನ್ನು ಅವನು ಕಂಡದ್ದು ಇವತ್ತೇ. ಕಂಡಕ್ಟರ್ ಬಗ್ಗಿ ಚಕ್ರದ ಮುಂದಿನ ಕಲ್ಲು ತೆಗೆಯುತ್ತಿದ್ದ.