ಹಳೆಯ ಹೆಸರು ಕೇಳದ ಸ್ವಿಚ್ಚು

"ಹಲೋ... ಯಾರು ಮಾತಾಡ್ತಿರೋದು? ... ಭಾವ ಇಲ್ವಾ? ಅದೇ, ಡ್ರೈವರ್ ಬರೆಯೋರು, ನಿಮ್ಮ ಪಕ್ಕದ ಮೇಜು. ... ನಾನು ಅವರ ನಾದಿನಿ. ಬೇಗ ಕೊಡಿ."

ಫೋನೆಂದರೆ ಮುದುಡಿಕೊಳ್ಳುವ ಹುಡುಗಿ; ಅದಕ್ಕೇ ಭಾವ ಅವಳನ್ನು 'ಮೂಗಿ' ಅಂತ ಕರೆಯೋದು. ಇವತ್ತು ನಾಚಲು ಪುರುಸೊತ್ತಿರಲಿಲ್ಲ. ಕಾಯಿಲೆಯಿಂದ ಮಂಚ ಹಿಡಿದಿದ್ದ ಅಕ್ಕನ ಮೈಯಲ್ಲಿ ಅಲ್ಲಾಡುವುದು ತೋರುಬೆರಳೊಂದೇ. ಅದರಡಿಯ ಸ್ವಿಚ್ಚು ಒತ್ತಿದರೆ ಪರದೆಯಲ್ಲಿ ಅಕ್ಷರ ಮೂಡುತ್ತದೆ. ಆ ಒತ್ತನ್ನು ಕಂಪ್ಯೂಟರಿಗೆ ತಿಳಿಸುವ ತಂತ್ರಾಂಶ, ಅಂದರೆ ಡ್ರೈವರ್, ಬರೆದದ್ದು ಅಕ್ಕನ ಗಂಡ, ಭಾವ.

"ಭಾವಾ? ... ಹಾಂ, ಮೂಗೀನೇ. ಡಾಕ್ಟರ್ ಬಂದಿದ್ರು. ಉಸಿರಾಡೋಕೆ ಗಂಟಲಿಗೆ ಕೊಳವೆ ಹಾಕ್ಲಾ, ಬೇಡ್ವಾ ಅಂತ ಅಕ್ಕನ್ನೇ ಕೇಳಿದ್ರು. ... ಒತ್ತಿದ್ಲು ಭಾವ! ನಾನೇ ನೋಡಿದೆ, ಒತ್ತುತ್ತಾನೇ ಇದ್ಲು. ಪರದೆ ಖಾಲಿ. ಪ್ರಜ್ಞೆ ಹೋಗಿದೆ ಅಂದ್ಬಿಟ್ರು. ಮಧ್ಯಾಹ್ನ ಬಂದಾಗಲೂ ಉತ್ತರ ಸಿಗದಿದ್ರೆ ಕೊಳವೆ ಹಾಕಲ್ವಂತೆ. ... ನಮ್ಮ ಮಾತು ನಡೆಯಲ್ಲ, ತಾನೇ ಹೇಳ್ಬೇಕು ಅಂತ ಅಕ್ಕ ಮೊದಲೇ ಡಾಕ್ಟರ ಹತ್ರ ಹಟ ಹಿಡಿದಿದ್ಲಲ್ಲ."

"ಬೆಳಿಗ್ಗೆ ಹೊಸ ಡ್ರೈವರ್ ಹಾಕಿ ಹೋದ್ರಲ್ಲ, ಅದರಲ್ಲೇನಾದ್ರೂ... ತಾಳಿ, ಕಂಪ್ಯೂಟರಲ್ಲಿ ಇಂಗ್ಲಿಷಲ್ಲಿ ಏನೋ ಬಂದಿದೆ, ಅಕ್ಷರ ಕೂಡಿಸಿ ಓದ್ತೀನಿ. ... 'ಪ್ರೆಸ್' ಅನ್ನೋ ಪ್ಯಾರಾಮೀಟರ್ ಗೊತ್ತಿಲ್ಲ, ಕೈಬಿಟ್ಟಿದೆ ಅಂತಿದೆ. ಎಷ್ಟು ಹೊತ್ತು ಒತ್ತಿದ್ರೆ ಸಾಕು ಅನ್ನೋ ಅಳತೆ ಅಲ್ವಾ ಅದು?"

"ಹೆಸರು ಬದಲಾಯಿಸಿದ್ರಾ? ... ಅಳತೆ ಮಿಲಿಸೆಕೆಂಡಲ್ಲಿ ಅಂತ ಹೆಸರಲ್ಲೇ ಇರ್ಬೇಕು ಅಂದ್ರಾ ನಿಮ್ಮ ಮೇಲಿನವರು? ಬದಲಾಯಿಸ್ಲೇಬೇಕಿದ್ರೆ ನನ್ನ ಮೂಗಿ ಅನ್ನೋದನ್ನ ಬದಲಾಯಿಸ್ಬೇಕಿತ್ತು. ... ಹಳೇ ಹೆಸರನ್ನೂ ಉಳಿಸ್ಕೋಬಾರ್ದಿತ್ತಾ? ಇಲ್ಲಿ ಅಕ್ಕನ ಅಳತೆ ಬರೆದಿಟ್ಟ ಫೈಲಲ್ಲಿ ಹಳೇ ಹೆಸರೇ ಇದೆಯಲ್ಲ. ... ಗೊತ್ತಾಗದಿದ್ರೆ ನಿಂತಾದ್ರೂ ಹೋಗ್ಬಾರ್ದಾ ಅದು? ಅಕ್ಕನ ಅಳತೆ ಬಿಟ್ಟು ತನ್ನದೇ ದೊಡ್ಡ ಅಳತೆ ಇಟ್ಕೊಂಡು ನಡೆದುಬಿಡುತ್ತಾ? ... ಅಷ್ಟು ಹೊತ್ತು ಒತ್ತಿ ಹಿಡಿಯೋಕೆ ಅವಳಿಗಾಗುತ್ತಾ ಭಾವ?"

"ಅಳ್ಬೇಡಿ. ಏನು ಮಾಡ್ಲಿ, ಹೇಳಿ. ... ನಡೀತಿರುವಾಗ ತಿದ್ದೋಕಾಗಲ್ವಾ? ಡ್ರೈವರನ್ನ ಕಂಪ್ಯೂಟರಿಂದ ಇಳಿಸಿ ಮತ್ತೆ ಏರಿಸ್ಬೇಕಾ? ... ಬಳಕೆಯಲ್ಲಿದೆ, ಇಳಿಯಲ್ಲ ಅಂತಿದೆ. ... ಹಾಂ, ಅಕ್ಷರದ ಪರದೆ ಮುಚ್ಚಿದೆ. ಇಳೀತು. ಹೊಸ ಹೆಸರು ಹೇಳಿ, ಒಂದೊಂದೇ ಅಕ್ಷರ."

ಫೋನನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು ಫೈಲಿನಲ್ಲಿ ಹೊಸ ಹೆಸರು ಬರೆದಳು. ಡ್ರೈವರ್ ಏರಿತು. ಅಕ್ಷರದ ಪರದೆ ತೆರೆದು, ತನ್ನ ಕಿರುಬೆರಳನ್ನು ಸ್ವಿಚ್ಚಿಗೆ ಸೋಕಿಸಿದಳು. ಅಕ್ಷರ ಮೂಡಿತು.

"ಬಂತು ಭಾವ! ಸುಮ್ನೆ ಸೋಕಿದ್ರೂ ಸಾಕು. ... ಇರಿ, ಅಕ್ಕನ ಬೆರಳು ಇಡ್ತೀನಿ."

"... ಇಲ್ಲ. ... ಸ್ವಿಚ್ ಸರಿಯಾಗೇ ಇದೆ ಭಾವ. ಬೆರಳೇ ಅಲ್ಲಾಡ್ತಿಲ್ಲ. ಒತ್ತಿ ಒತ್ತಿ ಸೋತುಹೋಗಿದೆ. ... ರೆಪ್ಪೆ ಆಡಿಸೋಕೂ ಆಗಲ್ಲ, ಆದ್ರೂ ಕಣ್ಣು ಬಿಟ್ಟಿದ್ದಾಳೆ. ನನ್ನೇ ನೋಡ್ತಿದ್ದಾಳೆ. ... ಯಾವಾಗ ಶಕ್ತಿ ಬರುತ್ತೆ ಅಂದ್ರೆ ನಾನೇನು ಹೇಳ್ಲಿ? ಮೆಟ್ಟಿಲ ಮೇಲೆ ಡಾಕ್ಟರ್ ಮಾತು ಕೇಳಿಸ್ತಿದೆ."

"ಫೋನನ್ನ ಅಕ್ಕನ ಕಿವಿಗೆ ಹಿಡೀಲಾ? ಹಿಡೀತೀನಿ, ನೀವೇ ಕೇಳಿ. ... ಅಕ್ಕಾ, ಭಾವ ಕಣೇ. ಒಂದೇ ಒಂದು ಸಲ ಒತ್ತೇ. ... ಭಾವ, ಸ್ವಲ್ಪ ಜೋರಾಗಿ. ... ಭಾವಾ? ಅಳು ಮಾತ್ರ ಕೇಳಿಸ್ತಿದೆ, ಮಾತಾಡಿ. ... ಹಲೋ? ... ಹಲೋ..."